ದೊಡ್ಡರೋಗ ಹೋದ ದಾರಿ

ದನಕರುಗಳ ಕಾಯಿಲೆಗಳಿಗೆ ಕನ್ನಡನಾಡಿನ ರೈತರು ಇಟ್ಟಿರುವ ಹೆಸರುಗಳು ಬಹುಮಟ್ಟಿಗೆ ಲಕ್ಷಣವನ್ನು ಹೇಳುವಂಥವು. ತೊಡೆ, ಚಪ್ಪೆ ಊದಿಕೊಂಡರೆ ಚಪ್ಪೆರೋಗ. ಗಂಟಲು ಊದಿ ಉಸಿರು ಗೊರಗೊರ ಎಂದರೆ ಗಳಲೆರೋಗ. ಬಾಯಿಯಲ್ಲೂ ಗೊರಸಿನ ಸಂದಿಯಲ್ಲೂ ಹುಣ್ಣಾದರೆ ಕಾಲುಬಾಯಿ ಜ್ವರ. ಒಂದು ಕಾಯಿಲೆಗೆ ಮಾತ್ರ ಇಂಥ ಯಾವ ಗುರುತೂ ಬೇಕಾಗಿರಲಿಲ್ಲ. ಅದನ್ನು ಬರಿದೆ ‘ದೊಡ್ಡರೋಗ’ ಎಂದರು. ತೆಲುಗರೂ ಅದನ್ನು ‘ಪೆದ್ದ ರೋಗಂ’ ಎಂದೇ ಕರೆದರು. ಉತ್ತರದ ಕಡೆ ಸಿಡುಬಿಗೆ ಹೇಳುತ್ತಿದ್ದ ‘ಮಾತಾ’ ಎಂಬ ಹೆಸರೇ ಇದಕ್ಕೂ ಸಂದಿತ್ತು. ಪಶುವೈದ್ಯರ ಪುಸ್ತಕಗಳಲ್ಲಿ ಇದು ರಿಂಡರ್‌ಪೆಸ್ಟ್. ದನಗಳ ಪಿಡುಗು ಎಂಬುದು ಆ ಜರ್ಮನ್ ಪದದ ಅರ್ಥ.

ಇಂದಿನ ಎಳೆಯ ರೈತರು ಈ ರೋಗವನ್ನು ಕಂಡವರಲ್ಲ. 2011ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯೂ, ಜೂನ್ ತಿಂಗಳಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೂ ದೊಡ್ಡರೋಗ ಭೂಮಿಯ ಮೇಲಿನಿಂದ ತೊಲಗಿತೆಂದು ಸಾರಿದವು. ಮನುಷ್ಯ ಪ್ರಯತ್ನದಿಂದ ನಿರ್ಮೂಲವಾದ ರೋಗಗಳು ಇಲ್ಲಿಯವರೆಗೆ ಎರಡೇ: ಮೊದಲನೆಯದು ಸಿಡುಬು, ಎರಡನೆಯದು ಇದು. ಸಿಡುಬು ಹೋದ ಕಥೆ ಶಾಲೆಯ ಪಾಠಗಳಲ್ಲಿದೆ. ದೊಡ್ಡರೋಗ ಹೋದ ಕಥೆ ಇಲಾಖೆಯ ಕಡತಗಳಲ್ಲಿ ಉಳಿದುಕೊಂಡಿದೆ. ಭಾರತದ ಮಟ್ಟಿಗೆ ಆ ಕಥೆಯ ಕೊನೆಯ ಅಧ್ಯಾಯ ನಡೆದದ್ದು ದಕ್ಷಿಣದಲ್ಲಿ, ಅದರಲ್ಲಿ ಕರ್ನಾಟಕದ ಪಾಲೂ ಇದೆ.

ರೋಗ ತಗುಲಿದ ದನಕ್ಕೆ ಮೊದಲು ಸುಡು ಜ್ವರ. ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ. ಕಣ್ಣು ಮೂಗುಗಳಿಂದ ನೀರು ಸುರಿದು ಕೀವಾಗುತ್ತದೆ. ಒಸಡು, ನಾಲಿಗೆಗಳ ಮೇಲೆ ತೌಡು ಉದುರಿಸಿದಂತೆ ಬಿಳಿಯ ಚುಕ್ಕೆಗಳೆದ್ದು ಹುಣ್ಣಾಗುತ್ತವೆ. ಆಮೇಲೆ ರಕ್ತ ಬೆರೆತ, ದುರ್ನಾತದ ಭೇದಿ. ಮೈಯ ನೀರೆಲ್ಲ ಬತ್ತಿ, ಹೆಚ್ಚೂ ಕಡಿಮೆ ಒಂದು ವಾರ, ಹತ್ತು ದಿನಗಳಲ್ಲಿ ಸಾವು. ಹಿಂದೆ ರೋಗ ಕಾಣದ ಮಂದೆಗೆ ಅದು ನುಗ್ಗಿದರೆ ನೂರಕ್ಕೆ ತೊಂಬತ್ತು ರಾಸುಗಳು ಹೋಗುವುದೂ ಉಂಟಿತ್ತು. ನಮ್ಮ ಬಯಲುಸೀಮೆಯ ದನಗಳು ತಲೆಮಾರುಗಳಿಂದ ರೋಗದ ಜೊತೆ ಬದುಕಿದ್ದರಿಂದ ಸಾವು ಅಷ್ಟಿರಲಿಲ್ಲ. ಆದರೂ ಅದು ರೈತನ ಬೆನ್ನು ಮುರಿಯಲು ಸಾಕಾಗುವಷ್ಟಿತ್ತು.

ಈ ಮಾತನ್ನು ಇಂದಿನ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ. ಟ್ರ್ಯಾಕ್ಟರೂ ಪಂಪ್‌ಸೆಟ್ಟೂ ಇಲ್ಲದ ಕಾಲದಲ್ಲಿ ಒಂದು ಜೊತೆ ಎತ್ತು ಎಂದರೆ ಉಳುವ ಯಂತ್ರ, ಕಪಿಲೆ ಬಾವಿಯಿಂದ ನೀರೆತ್ತುವ ಯಂತ್ರ, ಕಣದಲ್ಲಿ ತುಳಿಯುವ ಯಂತ್ರ, ಸಂತೆಗೆ ಹೋಗುವ ಬಂಡಿ, ಗೊಬ್ಬರದ ಗುಂಡಿ, ಕೊನೆಗೆ ಸಾಲಕ್ಕೆ ಆಧಾರ ಕೂಡ. ಮುಂಗಾರು ಬಿದ್ದು ಹದವಾದ ವಾರದಲ್ಲಿ ಎತ್ತು ಸತ್ತರೆ ಆ ವರ್ಷ ಹೊಲ ಬೀಳು. ಮುಂದಿನ ಎತ್ತಿಗೆ ಮಾಡಿದ ಸಾಲ ಮಗನ ಕಾಲಕ್ಕೂ ತೀರದಿರಬಹುದು. ಮನುಷ್ಯರನ್ನು ಮುಟ್ಟದ ಈ ರೋಗ ಮನುಷ್ಯರನ್ನು ಉಪವಾಸ ಕೆಡಹುತ್ತಿದ್ದುದು ಹೀಗೆ. 1887ರಲ್ಲಿ ಆಫ್ರಿಕದ ಈಶಾನ್ಯ ಮೂಲೆಗೆ ಕಾಲಿಟ್ಟ ದೊಡ್ಡರೋಗ ಹತ್ತು ವರ್ಷಗಳಲ್ಲಿ ಆ ಖಂಡದ ದಕ್ಷಿಣ ತುದಿಯನ್ನು ಮುಟ್ಟಿತು. ಇಥಿಯೋಪಿಯದಲ್ಲಿ ದನಗಳ ಹಿಂದೆಯೇ ಬಂದ ಕ್ಷಾಮ ಲೆಕ್ಕಕ್ಕೆ ಸಿಗದಷ್ಟು ಜನರನ್ನು ಕೊಂದಿತು.

ಇಂಥ ರೋಗವನ್ನು ತಡೆಯುವುದು ಹೇಗೆ? ಯೂರೋಪು ಕಂಡುಕೊಂಡ ಉತ್ತರ ಕಟುಕನ ಕತ್ತಿ. 1711ರ ಸುಮಾರಿಗೆ ಇಟಲಿಯಲ್ಲಿ ರೋಗ ಹಬ್ಬಿದಾಗ ಪೋಪರ ವೈದ್ಯನಾಗಿದ್ದ ಲಾನ್ಸೀಸಿ, ಸೋಂಕಿದ ದನಗಳನ್ನು ತಡಮಾಡದೆ ಕೊಂದು ಹೂಳಬೇಕು, ದನಗಳ ಓಡಾಟವನ್ನು ನಿಲ್ಲಿಸಬೇಕು ಎಂದು ಸಲಹೆ ಕೊಟ್ಟ. ರೋಗಾಣು ಎಂಬ ಕಲ್ಪನೆಯೇ ನೆಲೆಗೊಳ್ಳದ ಕಾಲದಲ್ಲಿ ಹೇಳಿದ ಈ ಮಾತು ಇಂದಿಗೂ ಪಶುರೋಗ ಕಾನೂನುಗಳ ಬೆನ್ನೆಲುಬಾಗಿದೆ ಎಂಬುದು ಗಮನಾರ್ಹ. ಮುಂದೆ 1761ರಲ್ಲಿ ಫ್ರಾನ್ಸಿನ ಲಿಯೋನಿನಲ್ಲಿ ಪಶುವೈದ್ಯ ಶಾಲೆಯೊಂದನ್ನು ತೆರೆಯಲು ಅನುಮತಿ ಸಿಕ್ಕಿದ್ದಕ್ಕೂ ಈ ಪಿಡುಗಿನ ಭಯವೇ ಮುಖ್ಯ ಪ್ರೇರಣೆ.

ಬ್ರಿಟನ್ ಈ ಪಾಠವನ್ನು ತಡವಾಗಿ ಕಲಿಯಿತು. ಎಡಿನ್‌ಬರೋದ ಪಶುವೈದ್ಯ ಜಾನ್ ಗ್ಯಾಮ್ಜಿ 1860ರ ದಶಕದ ಆರಂಭದಲ್ಲೇ ಎರಡು ಎಚ್ಚರಿಕೆಗಳನ್ನು ಕೊಟ್ಟಿದ್ದ. ಪೇಟೆಯಲ್ಲಿ ಮಾರಾಟವಾಗುವ ಮಾಂಸದಲ್ಲಿ ಐದನೆಯ ಒಂದು ಪಾಲು ರೋಗಪೀಡಿತ ಪ್ರಾಣಿಗಳದ್ದು ಎಂಬುದು ಒಂದು. ಹೊರದೇಶದಿಂದ ಬರುವ ದನಗಳನ್ನು ತಪಾಸಣೆ ಮಾಡದಿದ್ದರೆ ದೊಡ್ಡರೋಗ ಬರುವುದು ಖಂಡಿತ ಎಂಬುದು ಇನ್ನೊಂದು. ವ್ಯಾಪಾರಿಗಳು ಕೆರಳಿದರು, ಸರ್ಕಾರ ಕಿವಿಗೊಡಲಿಲ್ಲ. 1865ರ ಬೇಸಿಗೆಯಲ್ಲಿ ಲಂಡನ್ನಿನ ಹಾಲಿನ ಕೊಟ್ಟಿಗೆಗಳಲ್ಲಿ ರೋಗ ಕಾಣಿಸಿಕೊಂಡಿತು. ಪ್ರಾರ್ಥನೆಯಾಯಿತು, ನಾನಾ ಕಷಾಯಗಳಾದವು. ಲಕ್ಷಗಟ್ಟಲೆ ದನಗಳು ಸತ್ತ ಮೇಲೆ 1866ರ ಫೆಬ್ರುವರಿಯಲ್ಲಿ ಪಾರ್ಲಿಮೆಂಟು ಕಡ್ಡಾಯ ವಧೆಯ ಕಾನೂನನ್ನು ತಂದಿತು. ಮಾಲೀಕನಿಗೆ ಪರಿಹಾರ ಕೊಟ್ಟು ಸೋಂಕಿನ ದನವನ್ನು ಕೊಲ್ಲುವುದು ಅದರ ಕ್ರಮ. ಮರುವರ್ಷಕ್ಕೆ ಪಿಡುಗು ಅಡಗಿತು. ಆ ಗಾಬರಿಯಲ್ಲಿ ಹುಟ್ಟಿಕೊಂಡ ಸಣ್ಣ ಕಚೇರಿಯೇ ಮುಂದೆ ಬ್ರಿಟನ್ನಿನ ಸರ್ಕಾರಿ ಪಶುವೈದ್ಯ ಇಲಾಖೆಯಾಗಿ ಬೆಳೆಯಿತು.

ಇದೇ ಹೊತ್ತಿನಲ್ಲಿ ಭಾರತದಲ್ಲೂ ಪ್ರಶ್ನೆ ಎದ್ದಿತು. 1866ರಲ್ಲಿ ಮದರಾಸು ಪ್ರಾಂತ ಜಾನುವಾರು ರೋಗದ ಕಾನೂನೊಂದನ್ನು ಮಾಡಿತು. 1868ರಲ್ಲಿ ಹ್ಯಾಲೆನ್ ಎಂಬ ಪಶುವೈದ್ಯಾಧಿಕಾರಿಯ ನೇತೃತ್ವದಲ್ಲಿ ಆಯೋಗವೊಂದನ್ನು ನೇಮಿಸಲಾಯಿತು. 1871ರಲ್ಲಿ ಬಂದ ಅದರ ವರದಿ, ಈ ದೇಶದ ದನಗಳನ್ನು ಕೊಲ್ಲುತ್ತಿರುವ ಮುಖ್ಯ ರೋಗ ಯೂರೋಪಿನ ದನಗಳ ಪಿಡುಗೇ ಎಂದು ಸ್ಪಷ್ಟಪಡಿಸಿತು. ಇದು ಸಣ್ಣ ಸಂಗತಿಯಲ್ಲ. ಏಕೆಂದರೆ ಅಲ್ಲಿಯವರೆಗೆ ದನಗಳು ಗುಂಪಾಗಿ ಸತ್ತಾಗಲೆಲ್ಲ ಪೊಲೀಸರ ಬೆರಳು ತಿರುಗುತ್ತಿದ್ದದ್ದು ಚರ್ಮದ ಕೆಲಸವನ್ನು ಜಾತಿಯ ಕಟ್ಟಳೆಯಿಂದ ಹೊತ್ತ ಬಡವರ ಕಡೆಗೆ. ಚರ್ಮಕ್ಕೆ ಬೆಲೆ ಬಂದಿದೆ, ಆದ್ದರಿಂದ ಅವರೇ ದನಕ್ಕೆ ಪಾಷಾಣ ಹಾಕುತ್ತಿದ್ದಾರೆ ಎಂಬುದು ಅಧಿಕಾರಿಗಳ ವಾದ. ವಿಷ ಹಾಕಿದ ಪ್ರಕರಣಗಳು ಇರಲಿಲ್ಲವೆಂದಲ್ಲ. ಆದರೆ ಊರಿಗೆ ಊರೇ ದನ ಕಳೆದುಕೊಂಡಾಗ ಸತ್ತದ್ದನ್ನು ಹೊತ್ತು ಸಾಗಿಸುವವನನ್ನೇ ಕೊಂದವನೆಂದು ಹಿಡಿಯುವುದು ಅಧಿಕಾರಕ್ಕೆ ಅನುಕೂಲವಾದ ತರ್ಕವಾಗಿತ್ತು. ಆಯೋಗದ ನಂತರವೂ ಈ ಅನುಮಾನ ಬಹುಕಾಲ ಅಳಿಯಲಿಲ್ಲ.

ರೋಗ ಯಾವುದೆಂದು ಗೊತ್ತಾಯಿತು. ಪರಿಹಾರ? ಬ್ರಿಟನ್ನಿನ ಕತ್ತಿ ಇಲ್ಲಿ ನಡೆಯುವಂತಿರಲಿಲ್ಲ. ರೋಗ ಬಂದ ಹಸುವನ್ನೂ ಅದರ ಜೊತೆ ಕಟ್ಟಿದ್ದ ಆರೋಗ್ಯವಂತ ಹಸುವನ್ನೂ ಸರ್ಕಾರವೇ ನಿಂತು ಕೊಲ್ಲಿಸುತ್ತದೆ ಎಂದರೆ ಹಳ್ಳಿಗಳು ಸುಮ್ಮನಿರುತ್ತಿದ್ದವೆ? 1857ರ ಬಿಸಿ ಆರಿರದ ಕಾಲ ಅದು. ಸರ್ಕಾರಕ್ಕೆ ಆ ಧೈರ್ಯವಿರಲಿಲ್ಲ. ಪರಿಹಾರಧನ ಕೊಡುವ ಮನಸ್ಸಂತೂ ಮೊದಲೇ ಇರಲಿಲ್ಲ. ಧರ್ಮದ ಕಾರಣವನ್ನು ಕಡತಗಳು ದೊಡ್ಡದಾಗಿ ಹೇಳುತ್ತವೆ, ಖಜಾನೆಯ ಕಾರಣವನ್ನು ಸಣ್ಣದಾಗಿ. ಎರಡೂ ನಿಜ. ಹಾಗಾಗಿ ಉಳಿದದ್ದು ರೋಗಿ ದನಗಳನ್ನು ಬೇರೆ ಕಟ್ಟಿ ಎಂಬ ಉಪದೇಶ. ಅದನ್ನು ಹಳ್ಳಿಗರು ಸರ್ಕಾರದಿಂದ ಕಲಿಯಬೇಕಾಗಿರಲಿಲ್ಲ. ದೊಡ್ಡರೋಗ ಬಂದ ಊರಿನ ದನಗಳನ್ನು ತಮ್ಮ ಕೆರೆಗೆ ಬಿಡದಿರುವುದು, ಬೇವಿನ ಸೊಪ್ಪು ಕಟ್ಟಿ ಮಾರಿಯನ್ನು ಊರ ಗಡಿಯಾಚೆ ದಾಟಿಸುವುದು ಇವೆಲ್ಲ ನಡೆದೇ ಇದ್ದವು. ಗಡಿಯಾಚೆ ಇನ್ನೊಂದು ಊರಿತ್ತು ಎಂಬುದು ಮಾತ್ರ ತೊಡಕು.

ವಧೆ ಸಾಧ್ಯವಿಲ್ಲವೆಂದಾದ ಮೇಲೆ ಭಾರತ ಬೇರೆ ದಾರಿಯನ್ನು ಹುಡುಕಲೇಬೇಕಾಯಿತು. 1889ರಲ್ಲಿ ಪುಣೆಯಲ್ಲಿ ಇಂಪೀರಿಯಲ್ ಬ್ಯಾಕ್ಟೀರಿಯಾಲಜಿ ಪ್ರಯೋಗಶಾಲೆ ಆರಂಭವಾಯಿತು. ಆಲ್ಫ್ರೆಡ್ ಲಿಂಗಾರ್ಡ್ ಅದರ ಮೊದಲ ಮುಖ್ಯಸ್ಥ. ಜನವಸತಿಯ ನಡುವೆ ಇಂಥ ರೋಗಾಣುಗಳನ್ನು ಇಟ್ಟುಕೊಳ್ಳುವುದು ಅಪಾಯವೆಂದು 1893ರಲ್ಲಿ ಅದನ್ನು ಕುಮಾವೂನಿನ ಬೆಟ್ಟಗಳ ನಡುವಣ ಮುಕ್ತೇಶ್ವರಕ್ಕೆ ಸಾಗಿಸಲಾಯಿತು. ಕ್ಷಯದ ರೋಗಾಣುವನ್ನು ಕಂಡುಹಿಡಿದ ರಾಬರ್ಟ್ ಕಾಕ್ 1897ರಲ್ಲಿ ಅಲ್ಲಿಗೆ ಬಂದಿದ್ದ. ಅದಕ್ಕೆ ಸ್ವಲ್ಪ ಮೊದಲು ದಕ್ಷಿಣ ಆಫ್ರಿಕದ ಕಿಂಬರ್ಲಿಯಲ್ಲಿ ಅವನು, ರೋಗದಿಂದ ಸತ್ತ ದನದ ಪಿತ್ತರಸವನ್ನು ಚುಚ್ಚಿದರೆ ಉಳಿದ ದನಗಳಿಗೆ ರಕ್ಷಣೆ ಸಿಗುತ್ತದೆಂದು ತೋರಿಸಿದ್ದ. ಆ ವಿಧಾನ ಬಾಳಲಿಲ್ಲ. ಅದಕ್ಕಿಂತ ಉತ್ತಮವಾದದ್ದು ಸೀರಂ. ರೋಗದಿಂದ ಪಾರಾದ ರಾಸುಗಳ ರಕ್ತ ತೆಗೆದು, ಅದರ ತಿಳಿಯನ್ನು ಬೇರೆ ದನಗಳಿಗೆ ಚುಚ್ಚುವುದು. ಸೀರಂ ಕೊಡುವ ರಕ್ಷಣೆ ಕೆಲವೇ ವಾರಗಳದ್ದು. ಊರಿನಲ್ಲಿ ಬೆಂಕಿ ಬಿದ್ದಾಗ ನೀರೆರಚಿದ ಹಾಗೆ. ಮುಂದಿನ ಬೆಂಕಿಗೆ ಅದು ಒದಗದು.

ಮುಕ್ತೇಶ್ವರದಿಂದ ಮೈಸೂರಿಗೆ ಸೀರಂ ತರಿಸುವುದು ಸುಲಭವಾಗಿರಲಿಲ್ಲ. ಬೆಣ್ಣೆ ಚಾವಡಿಯ ಕಾಲದಿಂದ ಅಮೃತಮಹಲ್ ತಳಿಯನ್ನು ಸಾಕಿಕೊಂಡು ಬಂದಿದ್ದ, ಹಳ್ಳಿಕಾರ್ ಎತ್ತುಗಳ ಜಾತ್ರೆಗಳಿಗೆ ಹೆಸರಾಗಿದ್ದ ಸಂಸ್ಥಾನಕ್ಕೆ ತನ್ನದೇ ವ್ಯವಸ್ಥೆ ಬೇಕೆನಿಸಿದ್ದು ಸಹಜ. 1920ರ ದಶಕದಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಮೈಸೂರು ಸೀರಂ ಸಂಸ್ಥೆ ಹುಟ್ಟಿತು. ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾ ಮೂಲದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರ ಆಸಕ್ತಿ ಇದರ ಹಿಂದಿತ್ತು. ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುವುದನ್ನು ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಕಲಿಸಿದವರೂ ಇವರೇ. ಹೆಬ್ಬಾಳದ ಆ ಸಂಸ್ಥೆ ಇಂದು ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಎಂಬ ಉದ್ದನೆಯ ಹೆಸರು ಹೊತ್ತಿದೆ.

ನಡುವೆ ಒಂದು ಸ್ವಾರಸ್ಯದ ಸಂಗತಿ. 1920ರಲ್ಲಿ ಭಾರತದಿಂದ ಬ್ರೆಜಿಲ್ಲಿಗೆ ಹಡಗಿನಲ್ಲಿ ಹೊರಟಿದ್ದ ಗೂಳಿ, ಹಸುಗಳು ದಾರಿಯಲ್ಲಿ ಬೆಲ್ಜಿಯಮ್ಮಿನ ಆಂಟ್‌ವರ್ಪ್ ಬಂದರಿನಲ್ಲಿ ತಂಗಿದವು. ಅವುಗಳೊಡನೆ ಹೋದ ದೊಡ್ಡರೋಗ ಅಲ್ಲಿನ ದನಗಳಿಗೂ ಹತ್ತಿತು. ರೋಗವನ್ನು ಮರೆತೇಬಿಟ್ಟಿದ್ದ ಪಶ್ಚಿಮ ಯೂರೋಪು ಬೆಚ್ಚಿಬಿದ್ದಿತು. ದೇಶದೇಶಗಳ ನಡುವೆ ಪಶುರೋಗಗಳ ಸುದ್ದಿ ವಿನಿಮಯಕ್ಕೆಂದು 1924ರಲ್ಲಿ 28 ದೇಶಗಳು ಸೇರಿ ಪ್ಯಾರಿಸ್ಸಿನಲ್ಲಿ ಒಂದು ಕಚೇರಿ ತೆರೆದವು. ಲೇಖನದ ಆರಂಭದಲ್ಲಿ ಬಂದ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಇದೇ.

ಸೀರಮ್ಮಿನಿಂದ ಲಸಿಕೆಗೆ ದಾಟಿಸಿದ್ದು ಆಡು. ಮುಕ್ತೇಶ್ವರದಲ್ಲಿ ಜೆ.ಟಿ. ಎಡ್ವರ್ಡ್ಸ್ 1920ರ ದಶಕದಲ್ಲಿ ದೊಡ್ಡರೋಗದ ವೈರಾಣುವನ್ನು ಒಂದು ಆಡಿನಿಂದ ಇನ್ನೊಂದು ಆಡಿಗೆ ದಾಟಿಸುತ್ತ ಹೋದಾಗ, ಅದು ದನಗಳ ಮಟ್ಟಿಗೆ ಮೆತ್ತಗಾಗುತ್ತ ಬಂದದ್ದು ಕಂಡಿತು. ಹೀಗೆ ಪಳಗಿದ ವೈರಾಣು ದನಕ್ಕೆ ಜ್ವರ ತರಿಸುತ್ತಿತ್ತು, ಕೊಲ್ಲುತ್ತಿರಲಿಲ್ಲ; ಒಮ್ಮೆ ಚುಚ್ಚಿದರೆ ವರ್ಷಗಟ್ಟಲೆ ರಕ್ಷಣೆ. ನಾಡದನಗಳಿಗೆ ಇದು ಒಗ್ಗಿತು. ವಿದೇಶಿ, ಮಿಶ್ರತಳಿ ರಾಸುಗಳಿಗೆ ಜ್ವರ ಜೋರಾಗುತ್ತಿದ್ದುದರಿಂದ ಮೊಲದಲ್ಲಿ ಪಳಗಿಸಿದ ಲಸಿಕೆಯನ್ನು ಬಳಸಬೇಕಾಯಿತು. ಮುಂದೆ 1960ರ ಹೊತ್ತಿಗೆ ಕೀನ್ಯಾದ ಮುಗುಗ ಪ್ರಯೋಗಶಾಲೆಯಲ್ಲಿ ವಾಲ್ಟರ್ ಪ್ಲೌರೈಟ್ ಕರುವಿನ ಮೂತ್ರಪಿಂಡದ ಜೀವಕೋಶಗಳಲ್ಲಿ ಬೆಳೆಸಿದ ಲಸಿಕೆ ಈ ತೊಂದರೆಯನ್ನೂ ನೀಗಿತು. ಯಾವ ತಳಿಗಾದರೂ, ಗಬ್ಬದ ಹಸುವಿಗಾದರೂ ಕೊಡಬಹುದಾದ, ಜೀವಮಾನವಿಡೀ ಕಾಯುವ ಲಸಿಕೆ ಅದು.

ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಸುಮಾರು 8 ಸಾವಿರ ಕಡೆ ರೋಗ ಕಾಣಿಸಿಕೊಳ್ಳುತ್ತಿತ್ತು. ದನಗಳು ಲಕ್ಷಗಟ್ಟಲೆ ಸಾಯುತ್ತಿದ್ದವು. 1954ರಲ್ಲಿ ರಾಷ್ಟ್ರೀಯ ದೊಡ್ಡರೋಗ ನಿರ್ಮೂಲನ ಕಾರ್ಯಕ್ರಮ ಶುರುವಾಯಿತು. ಐಸ್ ತುಂಬಿದ ಥರ್ಮಾಸ್ ಫ್ಲಾಸ್ಕು ಸೈಕಲ್ಲಿಗೆ ಕಟ್ಟಿಕೊಂಡು ಊರೂರು ಅಲೆದ ಸ್ಟಾಕ್‌ಮನ್‌ಗಳು, ಪಶುವೈದ್ಯ ಸಹಾಯಕರು ಇದರ ಕಾಲಾಳುಗಳು. ಬಿಸಿಲಿಗೆ ಲಸಿಕೆ ಕೆಡುತ್ತದೆ, ಆದ್ದರಿಂದ ಬೆಳಗಿನ ಜಾವಕ್ಕೇ ಊರು ಸೇರಬೇಕು. ದನ ಮೇಯಲು ಹೋಗುವ ಮುಂಚೆ ಹಟ್ಟಿಯಲ್ಲಿ ಹಿಡಿಯಬೇಕು. ಸೂಜಿ ಚುಚ್ಚಿದರೆ ಹಾಲು ಬತ್ತುತ್ತದೆ, ಗಬ್ಬ ಹೋಗುತ್ತದೆ ಎಂದು ದನ ಅಡಗಿಸುವವರನ್ನು ಒಲಿಸಬೇಕು. ಲಸಿಕೆಯ ಜ್ವರ ಬಂದ ದನ ನಾಲ್ಕು ದಿನ ಹಾಲು ಕಡಿಮೆ ಕೊಡುತ್ತಿದ್ದದ್ದು ಸುಳ್ಳೇನಲ್ಲ, ಹಾಗಾಗಿ ರೈತರ ಅಂಜಿಕೆಯನ್ನು ಮೌಢ್ಯವೆಂದು ತಳ್ಳಿಹಾಕುವಂತೆಯೂ ಇರಲಿಲ್ಲ. ರಾಜ್ಯಗಳ ಗಡಿಗಳಲ್ಲಿ ತಪಾಸಣಾ ಠಾಣೆಗಳು ಬಂದವು.

ಹತ್ತು ವರ್ಷಗಳಲ್ಲಿ ರೋಗ ಸಾವಿರಗಳಿಂದ ನೂರುಗಳಿಗೆ ಇಳಿಯಿತು. ಅಲ್ಲಿಗೆ ನಿಂತಿತು. ಮುಂದಿನ ಇಪ್ಪತ್ತೈದು ವರ್ಷ ಕೋಟಿಗಟ್ಟಲೆ ಲಸಿಕೆ ಹಾಕಿದರೂ ರೋಗ ಪೂರ್ತಿ ಹೋಗಲಿಲ್ಲ. 1968ರಲ್ಲಿ ಬಂಡೀಪುರ, ಮುದುಮಲೆ ಕಾಡುಗಳಿಗೆ ನುಗ್ಗಿ ಕಾಟಿಗಳನ್ನು ರಾಶಿ ರಾಶಿಯಾಗಿ ಕೊಂದಿತು. ಕಾಡಂಚಿನ ಊರುಗಳ ದನಗಳು ಮೇದ ಹುಲ್ಲು, ಕುಡಿದ ನೀರನ್ನೇ ಅವೂ ಹಂಚಿಕೊಂಡಿದ್ದವು. ಲಸಿಕೆ ಹಾಕಲು ಕಾಟಿಯನ್ನು ಹಿಡಿಯುವವರಾರು?

ಈ ನಡುವಿನ ವರ್ಷಗಳ ಹಿನ್ನಡೆಗೆ ಕಾರಣ ಲಸಿಕೆಯಲ್ಲಿರಲಿಲ್ಲ, ಲೆಕ್ಕದಲ್ಲಿತ್ತು. ಇಲಾಖೆ ಎಣಿಸುತ್ತಿದ್ದದ್ದು ಎಷ್ಟು ದನಗಳಿಗೆ ಲಸಿಕೆ ಹಾಕಿದೆವು ಎಂಬುದನ್ನು. ನೂರಕ್ಕೆ ಎಂಬತ್ತು ಎಂಬುದು ಗುರಿ. ರಸ್ತೆ ಬದಿಯ ಊರುಗಳಲ್ಲಿ ಒಂದೇ ದನಕ್ಕೆ ಮತ್ತೆ ಮತ್ತೆ ಚುಚ್ಚಿದರೂ ಗುರಿ ತಲುಪುತ್ತದೆ. ಹೊಸದಾಗಿ ಹುಟ್ಟಿದ ಕರುಗಳು, ಸಂತೆಯಿಂದ ಸಂತೆಗೆ ಸಾಗುವ ರಾಸುಗಳು, ಅಲೆಮಾರಿ ಮಂದೆಗಳು ಲೆಕ್ಕದ ಹೊರಗುಳಿದವು. ವೈರಾಣುವಿಗೆ ಅಷ್ಟೇ ಸಾಕಾಗಿತ್ತು. 1980ರ ದಶಕದಲ್ಲಿ ಅದು ನೆಲೆಯೂರಿದ್ದದ್ದು ಆಂಧ್ರ, ಕರ್ನಾಟಕ, ತಮಿಳುನಾಡುಗಳ ವ್ಯಾಪಾರದ ದಾರಿಗಳಲ್ಲಿ. ವರದಿ ಮಾಡಿದರೆ ತನ್ನ ತಾಲ್ಲೂಕಿಗೆ ಕೆಟ್ಟ ಹೆಸರು ಎಂದು ಸುಮ್ಮನಾದ ಅಧಿಕಾರಿಗಳೂ ಇರಲಿಲ್ಲವೆಂದು ಹೇಳಲಾಗದು; ರೋಗ ಕಂಡದ್ದಕ್ಕೆ ಬೆನ್ನು ತಟ್ಟುವ ಪದ್ಧತಿ ಯಾವ ಇಲಾಖೆಯಲ್ಲಿದೆ?

ಇನ್ನೊಂದು ಗೊಂದಲ ಕುರಿ, ಮೇಕೆಗಳದ್ದು. ದಕ್ಷಿಣದಲ್ಲಿ ಇವುಗಳಲ್ಲೂ ದೊಡ್ಡರೋಗದಂಥದೇ ಕಾಯಿಲೆ ಕಾಣುತ್ತಿತ್ತು. ಅದೇ ವೈರಾಣು ಕುರಿಮಂದೆಗಳಲ್ಲಿ ಅಡಗಿ ಕುಳಿತಿದೆಯೆಂದಾದರೆ ದನಗಳಿಗೆ ಎಷ್ಟು ಲಸಿಕೆ ಹಾಕಿದರೇನು? 1987ರಲ್ಲಿ ತಮಿಳುನಾಡಿನ ಅರಸೂರಿನ ಕುರಿಗಳಲ್ಲಿ ಕಂಡ ರೋಗವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎಸ್. ಶೈಲಾ ಮತ್ತು ಸಂಗಡಿಗರು ಪರೀಕ್ಷಿಸಿದಾಗ ಅದು ದೊಡ್ಡರೋಗವಲ್ಲ, ಅದರ ದಾಯಾದಿ ಎಂಬುದು ತಿಳಿಯಿತು. ಪಿ.ಪಿ.ಆರ್. ಎಂದು ಕರೆಯುವ ಈ ರೋಗ ಭಾರತದಲ್ಲಿದೆ ಎಂದು ಖಚಿತವಾದದ್ದು ಆಗಲೇ. ಎರಡನ್ನೂ ಬೇರೆ ಮಾಡಿ ಗುರುತಿಸಲು ಬಂದ ಮೇಲೆ ಮಂಜು ಅರ್ಧ ಸರಿಯಿತು.

1992ರಲ್ಲಿ ಯೂರೋಪಿಯನ್ ಸಮುದಾಯದ ನೆರವಿನಿಂದ ಹೊಸ ಕಾರ್ಯಕ್ರಮ ಆರಂಭವಾಯಿತು. ದೇಶವನ್ನು ವಲಯಗಳಾಗಿ ಹಂಚಿ, ರೋಗವಿದ್ದ ದಕ್ಷಿಣದಲ್ಲಿ ಬಿಗಿಯಾಗಿ ಲಸಿಕೆ ಹಾಕಿ, ರೋಗವಿಲ್ಲದ ಕಡೆ ಅದನ್ನು ನಿಲ್ಲಿಸುವುದು ಇದರ ಬಗೆ. ದನಗಳನ್ನು ಎಣಿಸುವುದರ ಬದಲು ರೋಗವನ್ನು ಹುಡುಕುವುದು ಮುಖ್ಯವಾಯಿತು. ಸಿಬ್ಬಂದಿ ಹಳ್ಳಿ ಹಳ್ಳಿಗೆ ಹೋಗಿ ಬಾಯಿಹುಣ್ಣು, ಭೇದಿ ಇರುವ ದನವೇನಾದರೂ ಇದೆಯೇ ಎಂದು ವಿಚಾರಿಸಿದರು. 1995ರಲ್ಲಿ ದೇಶದ ಕೊನೆಯ ಪ್ರಕರಣ ದಾಖಲಾಯಿತು.

ಅತ್ಯಂತ ಕಷ್ಟದ ಹೆಜ್ಜೆ ಇದರ ನಂತರದ್ದು. ಲಸಿಕೆ ಹಾಕಿದ ದನದ ರಕ್ತದಲ್ಲೂ ರೋಗ ಬಂದು ಪಾರಾದ ದನದ ರಕ್ತದಲ್ಲೂ ಒಂದೇ ಬಗೆಯ ಪ್ರತಿಕಾಯಗಳಿರುತ್ತವೆ. ಲಸಿಕೆ ನಡೆಯುತ್ತಿರುವವರೆಗೆ ವೈರಾಣು ಹೋಗಿದೆಯೋ ಅಡಗಿದೆಯೋ ಹೇಳುವುದು ಅಸಾಧ್ಯ. ಹೋಗಿದೆ ಎಂದು ತೋರಿಸಬೇಕಾದರೆ ಲಸಿಕೆಯನ್ನು ನಿಲ್ಲಿಸಿ, ಕಾಪಿಲ್ಲದ ಕರುಗಳು ಬೆಳೆಯಲು ಬಿಟ್ಟು, ಕಾದು ನೋಡಬೇಕು. ನಾಲ್ಕು ದಶಕ ಸೂಜಿ ಹಿಡಿದವರಿಗೆ ಅದನ್ನು ಕೆಳಗಿಡಿ ಎನ್ನುವುದು ಸುಲಭವೆ? ರೋಗ ಮರಳಿದರೆ ಹೊಣೆ ಯಾರದು ಎಂಬ ಅಳುಕು ಎಲ್ಲ ರಾಜ್ಯಗಳಲ್ಲೂ ಇತ್ತು. ಆದರೂ ಹಂತಹಂತವಾಗಿ ನಿಲ್ಲಿಸಲಾಯಿತು. ದೇಶದ ಮೂಲೆ ಮೂಲೆಗಳಿಂದ ರಕ್ತದ ಮಾದರಿಗಳು ಪರೀಕ್ಷೆಗೆ ಬಂದವು. ಹೆಬ್ಬಾಳದಲ್ಲಿದ್ದ ಪಶುರೋಗ ಕಣ್ಗಾವಲು ಯೋಜನೆಯೂ ಈ ಕೆಲಸದಲ್ಲಿ ಕೈಗೂಡಿಸಿತು. ಕರುಗಳ ರಕ್ತ ಶುದ್ಧವಾಗಿತ್ತು. 2004ರಲ್ಲಿ ಭಾರತವನ್ನು ರೋಗಮುಕ್ತವೆಂದೂ, 2006ರಲ್ಲಿ ಸೋಂಕುಮುಕ್ತವೆಂದೂ ಪ್ಯಾರಿಸ್ಸಿನ ಸಂಸ್ಥೆ ಒಪ್ಪಿತು. ಭಾರತದ ದನಗಳು ಒಯ್ದ ರೋಗದಿಂದಾಗಿ ಹುಟ್ಟಿದ ಸಂಸ್ಥೆಯೇ ಈ ಪತ್ರ ಕೊಟ್ಟದ್ದು. ಜಗತ್ತಿನ ಕೊನೆಯ ಪ್ರಕರಣ ಇದಕ್ಕೂ ಮೊದಲೇ, 2001ರಲ್ಲಿ, ಕೀನ್ಯಾದ ಮೇರು ಕಾಡಿನ ಎಮ್ಮೆಗಳಲ್ಲಿ ಕಂಡಿತ್ತು.

ದೊಡ್ಡರೋಗ ಹೋಯಿತು, ಕಾಲುಬಾಯಿ ಜ್ವರವೇಕೆ ಹೋಗಿಲ್ಲ ಎಂದು ಹಾಲಿನ ಡೇರಿಯ ಮುಂದೆ ನಿಂತ ಯಾವ ರೈತನೂ ಕೇಳಬಹುದು. ದೊಡ್ಡರೋಗದ ವೈರಾಣುವಿಗೆ ಇದ್ದದ್ದು ಒಂದೇ ರೂಪ, ಒಂದೇ ಲಸಿಕೆ ಸಾಕಿತ್ತು. ಪಾರಾದ ದನ ಅದನ್ನು ಹೊತ್ತು ತಿರುಗುತ್ತಿರಲಿಲ್ಲ. ಬಿಸಿಲಿಗೆ ಅದು ಬೇಗ ಸಾಯುತ್ತಿತ್ತು. ಕಾಲುಬಾಯಿ ಜ್ವರದ ವೈರಾಣುವಿಗೆ ಏಳು ರೂಪಗಳು. ಅವುಗಳಲ್ಲಿ ಮೂರು ನಮ್ಮಲ್ಲಿವೆ. ಗುಣವಾದ ದನದ ಗಂಟಲಿನಲ್ಲೂ ಅದು ತಿಂಗಳುಗಟ್ಟಲೆ ಉಳಿಯುತ್ತದೆ, ಲಸಿಕೆಯ ಬಲ ಆರು ತಿಂಗಳಿಗೆ ಇಳಿಯುತ್ತದೆ. 2019ರಲ್ಲಿ ಕೇಂದ್ರ ಸರ್ಕಾರ ಇದಕ್ಕಾಗಿ ದೇಶವ್ಯಾಪಿ ಲಸಿಕೆ ಯೋಜನೆಯನ್ನು ಹಮ್ಮಿಕೊಂಡಿತು. 2022ರಲ್ಲಿ ಕರ್ನಾಟಕದ ದನಗಳನ್ನು ಕಾಡಿದ ಚರ್ಮಗಂಟು ರೋಗವನ್ನು ಹರಡುವುದು ಸೊಳ್ಳೆ, ನೊಣಗಳು. ಅವಕ್ಕೆ ತಪಾಸಣಾ ಠಾಣೆಯಿಲ್ಲ. ಆಗ ಇಲಾಖೆ ಮೊದಲು ಮಾಡಿದ್ದು ದನಗಳ ಸಂತೆ, ಜಾತ್ರೆ, ಸಾಗಾಟಗಳಿಗೆ ತಡೆ; ಲಾನ್ಸೀಸಿಯ ಕಾಲದ ಅದೇ ಉಪಾಯ.

ದೊಡ್ಡರೋಗದ ದಾಯಾದಿಯಾದ ಪಿ.ಪಿ.ಆರ್. ಅನ್ನು 2030ರೊಳಗೆ ಇಲ್ಲವಾಗಿಸುವುದು ಜಗತ್ತಿನ ಮುಂದಿರುವ ಗುರಿ. ಕುರಿ ಮೇಕೆಗಳ ಮಂದೆಗಳು ದನಗಳಿಗಿಂತ ಬೇಗ ಬೆಳೆಯುತ್ತವೆ, ಬೇಗ ಮಾರಾಟವಾಗುತ್ತವೆ, ದೂರ ಅಲೆಯುತ್ತವೆ. ಇನ್ನು ದೊಡ್ಡರೋಗದ ವೈರಾಣು ಈಗ ಇರುವುದು ಜಗತ್ತಿನ ಬೆರಳೆಣಿಕೆಯ ಪ್ರಯೋಗಶಾಲೆಗಳ ಶೀತಲ ಪೆಟ್ಟಿಗೆಗಳಲ್ಲಿ ಮಾತ್ರ. ಅದರ ದೊಡ್ಡ ಭಂಡಾರವಿದ್ದ ಇಂಗ್ಲೆಂಡಿನ ಪರ್ಬ್ರೈಟ್ ಸಂಸ್ಥೆ 2019ರಲ್ಲಿ, ವೈರಾಣುವಿನ ವಂಶವಾಹಿಯ ಪೂರ್ಣ ವಿವರವನ್ನು ಬರೆದಿಟ್ಟುಕೊಂಡು, ಮೂರು ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಸುಟ್ಟುಹಾಕಿತು. ಉಳಿದವನ್ನು ಸುಡಬೇಕೆ, ಇಟ್ಟುಕೊಳ್ಳಬೇಕೆ ಎಂಬ ಚರ್ಚೆ ಮುಗಿದಿಲ್ಲ.